ಮೊಹಲ್ಲಾದ ನಡಿಗೆ: ಹಲವು ಸಂಘಗಳ ಒಂದು ಕೆಲಸ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಆರೋಗ್ಯ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಸಭೆಯಲ್ಲಿ ನಡಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ನಮ್ಮ ಅರ್ಜಿಗಳಲ್ಲೇ ಇದೆ. ಅರ್ಜಿಯ ಕೊನೆಯಲ್ಲಿ ಕುಟುಂಬದ ಪರಿಸ್ಥಿತಿ ಬರೆಯಲು ನಾಲ್ಕು ಸಾಲಿನ ಜಾಗ ಬಿಟ್ಟಿದ್ದೇವೆ. ವರ್ಷ ವರ್ಷವೂ ಅಲ್ಲಿ ಒಂದೇ ಬಗೆಯ ಮಾತು ಬರುತ್ತದೆ. ತಂದೆಗೆ ಲಕ್ವಾ ಹೊಡೆದು ಗಾರೆ ಕೆಲಸ ನಿಂತಿದೆ. ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಮಗಳು ಕಾಲೇಜಿಗೆ ರಜೆ ಹಾಕುತ್ತಿದ್ದಾಳೆ. ನಾವು ಕೊಡುವ ಹಣ ಕಾಲೇಜಿನ ಶುಲ್ಕಕ್ಕೆ ಎಂದು ನಾವು ತಿಳಿದಿದ್ದೇವೆ. ಆದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಆ ಹಣ ಮೊದಲು ಹೋಗುವುದು ಔಷಧಿ ಅಂಗಡಿಗೆ. ಆಮೇಲೆ ಮಕ್ಕಳೇ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ದುಡಿಯುವವರ ಆರೋಗ್ಯವೂ ವಿದ್ಯಾಭ್ಯಾಸದ ವಿಷಯವೇ ಎಂದು ಈ ಉಪಸಮಿತಿ ತಿಳಿದಿದೆ.

ಇದು ನಮ್ಮ ಮೊಹಲ್ಲಾದ ಸಂಕಟ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. 31.5 ಕೋಟಿ ಜನರಿಗೆ ರಕ್ತದೊತ್ತಡ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಮಾಡುತ್ತಿಲ್ಲ. ಗಂಡಸರಲ್ಲಿ ಇದು ನೂರಕ್ಕೆ 42, ಹೆಂಗಸರಲ್ಲಿ 57.

ಈ ಮಾತು ಹೇಳಿದಾಗ ನಮ್ಮ ತಾಯಂದಿರು ಕೇಳುತ್ತಾರೆ: ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ನಮಗೆ ಮತ್ತೆ ನಡಿಗೆ ಯಾಕೆ? ಕೇಳುವುದರಲ್ಲಿ ನ್ಯಾಯವಿದೆ. ಆದರೆ ಆ ದುಡಿಮೆಯಲ್ಲಿ ಹೆಚ್ಚಿನದು ಕುಳಿತು ಮಾಡುವಂಥದ್ದು. ಬೀಡಿ ಕಟ್ಟುವುದು, ಅಗರಬತ್ತಿ ಹೊಸೆಯುವುದು, ಹೊಲಿಗೆ ಯಂತ್ರ ತುಳಿಯುವುದು ಎಲ್ಲವೂ ಹಾಗೆಯೇ. ಮೈ ದಣಿಯುತ್ತದೆ, ಬೆನ್ನು ನೋಯುತ್ತದೆ, ಆದರೆ ಹೃದಯಕ್ಕೆ ಬೇಕಾದ ವ್ಯಾಯಾಮ ಸಿಗುವುದಿಲ್ಲ. ಲಂಡನ್ನಿನಲ್ಲಿ ಡಾ. ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಬಸ್ಸಿನ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸ ಮಾಡುವವರು. ಚಾಲಕರು ಇಡೀ ದಿನ ಕುಳಿತಿರುತ್ತಿದ್ದರು. ಕಂಡಕ್ಟರುಗಳು ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದ್ರೋಗ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು, ಬಂದರೂ ಅಷ್ಟು ಮಾರಕವಾಗಿರಲಿಲ್ಲ. ನಮ್ಮ ಆಟೋ ಚಾಲಕರೂ ಬೀಡಿ ಕಟ್ಟುವ ತಾಯಂದಿರೂ ಆ ಬಸ್ಸಿನ ಚಾಲಕರ ಸಾಲಿಗೆ ಸೇರುತ್ತಾರೆ.

ನಡಿಗೆಯಿಂದ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ಮಾತ್ರೆ ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸುತ್ತೇವೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಅವರು ಊಟದಲ್ಲಿ ಹಿತಮಿತವನ್ನೂ ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯನ್ನೂ ಹೇಳಿದರು. ಇದರಿಂದ ಕಾಯಿಲೆಗೆ ತಿರುಗುವ ಅಪಾಯ ಮೂರು ವರ್ಷಗಳಲ್ಲಿ ನೂರಕ್ಕೆ 28ರಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ಹೆಚ್ಚೇನಲ್ಲ: ವಾರಕ್ಕೆ ಕನಿಷ್ಠ 150 ನಿಮಿಷ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು. ಅಷ್ಟು ಆಗಲಿಲ್ಲವೆಂದು ಯಾರೂ ಮನೆಯಲ್ಲೇ ಕೂರಬೇಕಾಗಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ವಾಕಿಂಗ್ ಮಾಡಿ ಎಂದು ವೈದ್ಯರು ಎಲ್ಲರಿಗೂ ಹೇಳುತ್ತಾರೆ. ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಮೈಸೂರು ನಡಿಗೆಗೆ ಹೆಸರಾದ ಊರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುವೆಂಪು ಅವರು ನಡೆದಾಡುತ್ತಿದ್ದರು. ಇಂದಿಗೂ ಬೆಳಗಾದರೆ ಅಲ್ಲಿ ಜನವೋ ಜನ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರೂ ಇದ್ದಾರೆ. ಆದರೆ ಕೆರೆ ಊರಿನ ಪಶ್ಚಿಮಕ್ಕಿದೆ, ಉದಯಗಿರಿ, ರಾಜೀವನಗರ, ಶಾಂತಿನಗರದ ನಮ್ಮ ಮನೆಗಳು ಪೂರ್ವಕ್ಕಿವೆ. ಅರ್ಧ ಗಂಟೆ ನಡೆಯಲು ಎರಡು ಆಟೋ ಹಿಡಿಯುವ ಶಕ್ತಿ ಯಾರಿಗಿದೆ? ನಮ್ಮ ಬೀದಿಗಳಲ್ಲಿ ಮನೆಯ ಹೊಸ್ತಿಲು ದಾಟಿದರೆ ಚರಂಡಿ, ಚರಂಡಿ ದಾಟಿದರೆ ನಿಲ್ಲಿಸಿದ ಬೈಕು, ಬೈಕು ದಾಟಿದರೆ ಓಡುವ ವಾಹನ. 2022ರಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅಮ್ಮ ನಡೆಯಲು ಹೋಗುವುದಿಲ್ಲ ಎಂದರೆ ಅದು ಸೋಮಾರಿತನವಲ್ಲ, ಎಚ್ಚರಿಕೆ.

ನಡಿಗೆಗೆ ಮನಸ್ಸು ಬೇಕು, ನಿಜ. ಅದಕ್ಕಿಂತ ಮೊದಲು ಜಾಗ ಬೇಕು, ಬೆಳಕು ಬೇಕು, ಜೊತೆ ಬೇಕು. ಇವನ್ನು ಒಬ್ಬರೇ ಒದಗಿಸಿಕೊಳ್ಳಲು ಆಗುವುದಿಲ್ಲ. ಒಂದು ಟ್ರಸ್ಟಿನಿಂದಲೂ ಆಗುವುದಿಲ್ಲ. ಹಾಗಾಗಿ ಕಳೆದ ವರ್ಷ ನಾವು ನೆರೆಯ ಸಂಘಗಳ ಬಾಗಿಲಿಗೆ ಹೋದೆವು. ಯಾರು ಏನು ಕೊಟ್ಟರು ಎಂಬುದನ್ನು ಸಭೆಗೆ ಒಪ್ಪಿಸುವುದು ನಮ್ಮ ಕರ್ತವ್ಯ.

ಮಹಿಳಾ ಸ್ವಸಹಾಯ ಸಂಘದವರು ಮೊದಲು ಮನೆ ಮನೆಗೆ ಹೋಗಿ ಕೇಳಿದರು: ನಡೆಯಲು ಏನು ಅಡ್ಡಿ? ನೀರು ಬರುವ ಹೊತ್ತು, ಮಕ್ಕಳ ಡಬ್ಬಿ ಕಟ್ಟುವ ಹೊತ್ತು, ಬೀದಿನಾಯಿ, ಕೆಟ್ಟ ದೀಪ, ನೋಡಿದವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಕಾಲಿಗೆ ಸರಿಯಾದ ಚಪ್ಪಲಿ ಇಲ್ಲ ಎಂದವರೂ ಇದ್ದರು. ಈ ಉತ್ತರಗಳನ್ನು ಮುಂದಿಟ್ಟುಕೊಂಡೇ ಹೊತ್ತು ಗೊತ್ತು ಮಾಡಲಾಯಿತು. ಹೆಂಗಸರಿಗೆ ಸಂಜೆ 5 ಗಂಟೆ. ಗಂಡಸರಿಗೆ ಫಜರ್ ನಮಾಜು ಮುಗಿಸಿ ಮಸೀದಿಯಿಂದ ಹೊರಬಂದ ಕೂಡಲೇ, ಮನೆಗೆ ಹೋಗಿ ಮತ್ತೆ ಮಲಗುವ ಮುಂಚೆ.

ಬಡಾವಣೆಯ ಶಾಲೆಯೊಂದು ಪಾಠ ಮುಗಿದ ಮೇಲೆ ಆಟದ ಬಯಲಿನ ಗೇಟು ತೆರೆದಿಡಲು ಒಪ್ಪಿತು. ತಾಯಂದಿರು ಸುತ್ತು ಹಾಕುತ್ತಾರೆ, ಮಕ್ಕಳು ನಡುವೆ ಆಡುತ್ತಾರೆ. ಮಸೀದಿ ಕಮಿಟಿಯವರು ಹೊರಗೋಡೆಗೆ ದೀಪ ಹಾಕಿಸಿದರು, ಜುಮಾ ದಿನ ಪ್ರಕಟಣೆ ಮಾಡಿದರು. ಯುವಕ ಸಂಘದ ಹುಡುಗರು ಬೀದಿಗಳನ್ನು ಅಳೆದು, ಕಾಲು ಕಿಲೋಮೀಟರಿಗೊಂದು ಗುರುತು ಬರೆದರು. ಆಟೋ ನಿಲ್ದಾಣದವರು ಬೆಳಗಿನ ಒಂದು ಗಂಟೆ ಆ ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟು ನಡೆಸಿದ್ದಾರೆ, ಅವರಲ್ಲಿ ಹಲವರು ತಾವೇ ನಡೆಯುತ್ತಿದ್ದಾರೆ. ಆಶಾ ಕಾರ್ಯಕರ್ತೆಯರು ಹೊಸದಾಗಿ ಸೇರುವವರನ್ನು ನಮ್ಮ ಕ್ಲಿನಿಕ್‌ಗೆ ಕರೆದೊಯ್ದು ರಕ್ತದೊತ್ತಡ, ಸಕ್ಕರೆ ನೋಡಿಸುತ್ತಾರೆ. ಪಕ್ಕದ ಬಡಾವಣೆಯ ನಿವಾಸಿಗಳ ಸಂಘದವರು ಭಾನುವಾರ ತಮ್ಮ ಉದ್ಯಾನಕ್ಕೆ ಬನ್ನಿ ಎಂದು ಕರೆದರು. ಅಲ್ಲಿಯ ನಿವೃತ್ತ ಹಿರಿಯರು ನಡೆಯುತ್ತಲೇ ನಮ್ಮ ಹುಡುಗರಿಗೆ ಪಾಲಿಕೆಗೆ ಅರ್ಜಿ ಬರೆಯುವುದನ್ನು ಕಲಿಸಿದ್ದಾರೆ. ಟ್ರಸ್ಟಿನ ಪಾಲು ಚಿಕ್ಕದು: ಒಂದು ಹಾಜರಿ ಪುಸ್ತಕ, ಅಗತ್ಯವಿದ್ದವರಿಗೆ ಒಂದು ಜೊತೆ ಶೂ, ತಿಂಗಳಿಗೊಮ್ಮೆ ಎಲ್ಲ ಸಂಘಗಳ ಸಭೆಗೆ ಚಹಾ.

ಮೂರು ಕಟ್ಟುಪಾಡುಗಳನ್ನು ಎಲ್ಲರೂ ಒಪ್ಪಿದ್ದಾರೆ. ಯಾವ ಸಂಘದ ಬ್ಯಾನರೂ ಬೇಡ. ಕೇಳದೆ ಯಾರ ಫೋಟೋವನ್ನೂ ತೆಗೆಯುವುದು ಬೇಡ. ಗುಂಪು ನಿಧಾನವಾಗಿ ನಡೆಯುವವರ ವೇಗದಲ್ಲೇ ಹೊರಡಬೇಕು, ಹಿಂದೆ ಉಳಿದವರ ಜೊತೆ ಒಬ್ಬರು ಇರಲೇಬೇಕು.

ಗುಂಪಾಗಿ ನಡೆದರೆ ಬೇರೆ ಲಾಭವೂ ಇದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹೊರಾಂಗಣ ನಡಿಗೆ ಗುಂಪುಗಳ ಬಗ್ಗೆ ನಡೆದ 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ವರದಿ ಕೊಟ್ಟರು. 14 ದೇಶಗಳ 1,843 ಜನರ ಮಾಹಿತಿ ಅದರಲ್ಲಿತ್ತು. ರಕ್ತದೊತ್ತಡ ಇಳಿದಿತ್ತು, ಮೈಯ ಕೊಬ್ಬು ಕಡಿಮೆಯಾಗಿತ್ತು, ಮನಸ್ಸಿನ ಖಿನ್ನತೆಯೂ ತಗ್ಗಿತ್ತು. ಸೇರಿದವರಲ್ಲಿ ಹೆಚ್ಚಿನವರು ಬಿಡದೆ ಮುಂದುವರಿಸಿದ್ದರು. ಒಬ್ಬರೇ ಹೊರಟರೆ ಮಳೆ ಬಂದ ದಿನ ನಿಲ್ಲುತ್ತದೆ. ಜೊತೆಯವರು ಬಾಗಿಲಲ್ಲಿ ನಿಂತು ಕೂಗಿದರೆ ಕೊಡೆ ಹಿಡಿದಾದರೂ ಹೋಗುತ್ತೇವೆ.

ನಮ್ಮಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮೂರು ದಿನ ಸತತವಾಗಿ ಬಾರದವರ ಮನೆಗೆ ಗುಂಪಿನ ಇಬ್ಬರು ಹೋಗಿ ವಿಚಾರಿಸುವುದು ರೂಢಿಯಾಗಿದೆ. ಹಾಜರಿ ಪುಸ್ತಕ ಇಟ್ಟಿರುವುದೇ ಅದಕ್ಕಾಗಿ. ಹೋದ ಕಡೆ ಜ್ವರ ಇರುತ್ತದೆ, ಮೊಣಕಾಲು ನೋವು ಇರುತ್ತದೆ. ಕೆಲವೊಮ್ಮೆ ಬಿಪಿ ಮಾತ್ರೆ ಮುಗಿದು ತರಲು ಹಣವಿಲ್ಲದೆ ಸುಮ್ಮನಿದ್ದವರು ಸಿಗುತ್ತಾರೆ. ಮಾತನಾಡಲು ಯಾರೂ ಇಲ್ಲದೆ ಮಂಕಾಗಿ ಕುಳಿತ ಹಿರಿಯರು ಸಿಗುತ್ತಾರೆ. ಒಂದು ಮನೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ ಪುಸ್ತಕ ಕಟ್ಟಿಟ್ಟು ತಾಯಿಯ ಬದಲು ಹೊಲಿಗೆಗೆ ಕುಳಿತಿದ್ದು ಹೀಗೆಯೇ ತಿಳಿಯಿತು. ಅರ್ಜಿ ಬರುವವರೆಗೆ ಕಾದಿದ್ದರೆ ಪರೀಕ್ಷೆಯ ಶುಲ್ಕ ಕಟ್ಟುವ ದಿನ ದಾಟಿ ಹೋಗುತ್ತಿತ್ತು. ಆ ಹುಡುಗಿ ಪರೀಕ್ಷೆ ಬರೆದಿದ್ದಾಳೆ. ಅವಳ ತಾಯಿ ಮತ್ತೆ ಬಯಲಿಗೆ ಬರುತ್ತಿದ್ದಾರೆ.

ಆಗಬೇಕಾದದ್ದು ಬಹಳ ಇದೆ. ಶಾಲೆಯ ಬಯಲು ಬೀದಿಗೆ ಬದಲಿಯಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಸುರಕ್ಷಿತ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಇದನ್ನು ಕೈಯಲ್ಲಿ ಹಿಡಿದು, ಎಲ್ಲ ಸಂಘಗಳ ಸಹಿಯೊಂದಿಗೆ, ಚರಂಡಿಗೆ ಚಪ್ಪಡಿ, ಶಾಲೆಯ ಮುಂದೆ ದಾಟುವ ಪಟ್ಟೆ, ಕೆಟ್ಟ ದೀಪಗಳ ದುರಸ್ತಿ ಕೇಳಿ ಪಾಲಿಕೆಗೆ ಮನವಿ ಕೊಡುತ್ತಿದ್ದೇವೆ. ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಿ ಎಂದು ನಾವು ಕೇಳಿಲ್ಲ, ಅವರೂ ನಮ್ಮವರೇ. ಅವರ ಜೊತೆ ಕುಳಿತು ಗಾಡಿಗಳ ಸಾಲು ಗೊತ್ತು ಮಾಡಬೇಕೆಂದಿದ್ದೇವೆ.

ಸೇರಲು ಬಯಸುವವರಿಗೆ ನಾಲ್ಕು ಮಾತು. ಮೊದಲ ವಾರ ಹತ್ತು ನಿಮಿಷ ಸಾಕು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ, ಮನೆಗೆ ಬಂದು ಪಾದ ನೋಡಿಕೊಳ್ಳಿ. ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿ, ಜೊತೆಯವರಿಗೆ ಹೇಳಿ. ರಂಜಾನಿನಲ್ಲಿ ಉಪವಾಸವಿರುವವರು ಬಿಸಿಲಿನ ಹೊತ್ತು ಬಿಟ್ಟು, ಇಫ್ತಾರಿನ ನಂತರ ಹಗುರವಾಗಿ ನಡೆಯಬಹುದು.

ವಿದ್ಯಾರ್ಥಿಗಳೇ, ಒಂದು ವಿಷಯ ಸ್ಪಷ್ಟಪಡಿಸುತ್ತೇವೆ. ನಡಿಗೆಗೆ ಬರುವುದು ವಿದ್ಯಾರ್ಥಿವೇತನಕ್ಕೆ ಷರತ್ತಲ್ಲ, ಎಂದಿಗೂ ಆಗುವುದಿಲ್ಲ. ನಿಮ್ಮ ಓದೇ ನಿಮ್ಮ ಕೆಲಸ. ಆದರೆ ನಿಮ್ಮ ಮನೆಯಲ್ಲಿ ಒಬ್ಬರು ಬಾಗಿಲವರೆಗೆ ಬಂದು ಹಿಂದೆ ಸರಿಯುತ್ತಿರಬಹುದು. ವಾರಕ್ಕೆ ಒಂದು ಸಂಜೆ ಅವರ ಕೈ ಹಿಡಿದು ಬಯಲಿಗೆ ಕರೆತನ್ನಿ. ನರ್ಸಿಂಗ್, ಫಾರ್ಮಸಿ ಓದುತ್ತಿರುವವರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯರ ಜೊತೆ ನಿಂತರೆ ಅವರ ಭಾರ ಹಗುರಾಗುತ್ತದೆ. ಹಾಗೆಯೇ, ಅರ್ಜಿಯ ಆ ನಾಲ್ಕು ಸಾಲಿನಲ್ಲಿ ಮನೆಯವರ ಕಾಯಿಲೆಯನ್ನು ಮುಚ್ಚಿಡದೆ ಬರೆಯಿರಿ. ಅರ್ಜಿ ಸಲ್ಲಿಸುವ ದಿನಕ್ಕೂ ಕಾಯಬೇಡಿ, ಕಷ್ಟ ಬಂದ ದಿನವೇ ಕಚೇರಿಗೆ ಬನ್ನಿ.

 ಸಭೆ ಮುಗಿದ ಮೇಲೆ ಹಾಜರಿ ಪುಸ್ತಕ ಹೊರಗಿನ ಮೇಜಿನ ಮೇಲೆ ಇರುತ್ತದೆ. ಹೆಸರು ಬರೆಯುವವರು ಬರೆಯಬಹುದು. ನಾಳೆ ಸಂಜೆ 5ಕ್ಕೆ ಶಾಲೆಯ ಗೇಟು ತೆರೆದಿರುತ್ತದೆ.