ಹಾಡುವ ಕಂಠದ ಹಿಂದೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭದಿನದಂದು ಸಂಗೀತವನ್ನು ಕುರಿತು ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಗಾಯಕನಂತೂ ಅಲ್ಲವೇ ಅಲ್ಲ. ಮೂವತ್ತೈದು ವರ್ಷ ಕಚೇರಿಯಲ್ಲಿ ಕುಳಿತು ಲೆಕ್ಕ ಬರೆದು ನಿವೃತ್ತನಾದವನು. ಕೇಳುವುದೊಂದೇ ನನಗೆ ಗೊತ್ತು. ಆದುದರಿಂದ ಕೇಳುಗನೊಬ್ಬನ ನಾಲ್ಕು ಮಾತುಗಳೆಂದು ಇವನ್ನು ತಾವು ಸ್ವೀಕರಿಸಬೇಕು.

ದೊಡ್ಡ ಗಾಯಕರ ಜೀವನಚರಿತ್ರೆಯನ್ನು ಓದುವಾಗ ಅವರ ಪ್ರತಿಭೆ, ಸಾಧನೆ, ಬಿರುದು ಬಾವಲಿಗಳ ಕಡೆಗೆ ನಮ್ಮ ಕಣ್ಣು ಹೋಗುವುದು ಸಹಜ. ವಯಸ್ಸಾಗುತ್ತ ಬಂದಂತೆ ನನ್ನ ಕಣ್ಣು ಮಾತ್ರ ಅವರ ಬೆನ್ನ ಹಿಂದೆ ನಿಂತವರ ಕಡೆಗೆ ಹೊರಳುತ್ತಿದೆ. ಸಂಗೀತವು ಮನುಷ್ಯನ ಬಾಳನ್ನು ತಿದ್ದುತ್ತದೆ, ಎತ್ತುತ್ತದೆ ಎನ್ನುವುದು ನಿಜ. ಆದರೆ ಅದಕ್ಕಾಗಿ ಯಾರೋ ಒಬ್ಬರು ಮನೆಯಲ್ಲಿ ತುಸು ಜಾಗ ಬಿಡಬೇಕು. ಎಷ್ಟೋ ಸಲ ತಮ್ಮದನ್ನೇ ತೆಗೆದು ಆ ಜಾಗ ಮಾಡಿಕೊಡಬೇಕು. ನಮ್ಮ ನಾಡಿನ ಕೆಲವರ ಬಾಳಿನಿಂದಲೇ ಇದನ್ನು ಹೇಳಲು ಯತ್ನಿಸುತ್ತೇನೆ.

ಮೊದಲು ಗಂಗೂಬಾಯಿ ಹಾನಗಲ್ಲರನ್ನು ನೆನೆಯೋಣ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದ ಗಾಯಕಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಆಕೆಯ ಮನೆಗೆ ಹೋಗಿ ಹಾಡು ಕೇಳಿದ್ದರೆಂದರೆ ಆ ಗಾಯನ ಎಂಥದಿದ್ದೀತೆಂದು ತಾವೇ ಊಹಿಸಬಹುದು. ಮಗಳ ಒಲವು ಹಿಂದುಸ್ತಾನಿ ಪದ್ಧತಿಯ ಕಡೆಗೆ ತಿರುಗಿತು. ತನ್ನ ಹಾಡು ಕಿವಿಗೆ ಬೀಳುತ್ತಿದ್ದರೆ ಮಗಳ ಗಾಯನದಲ್ಲಿ ಎರಡೂ ಪದ್ಧತಿಗಳು ಬೆರೆತಾವು ಎಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟಳು! ಮಗಳ ಕಲಿಕೆಗೆ ಅನುಕೂಲವಾಗಲೆಂದು 1928ರಲ್ಲಿ ಸಂಸಾರವೇ ಹುಬ್ಬಳ್ಳಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ತಾಯಿ ತೀರಿಕೊಂಡರು. ಆ ಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಹಾಡುವ ಹೆಂಗಸೆಂದು ಬೀದಿಯ ಜನ ಹೀಯಾಳಿಸಿದ್ದನ್ನು ನುಂಗಿಕೊಂಡರು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಧ್ವನಿ ಗಂಡಸಿನದರಂತೆ ಗಡುಸಾಯಿತು. ಆ ಗಡುಸು ಧ್ವನಿಯನ್ನೇ ದೇಶ ತಲೆಬಾಗಿ ಕೇಳುವಂತೆ ಮಾಡಿದರು. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕಣ್ಮುಚ್ಚಿದರು. ಅಷ್ಟು ದೀರ್ಘಕಾಲ ನಾವು ಕೇಳಿದ ಆ ಗಾನದ ಅಡಿಯಲ್ಲಿ ಒಬ್ಬ ತಾಯಿಯ ಮೌನವಿತ್ತು.

ಇನ್ನು ನಮ್ಮ ಪುಣೆಯವರೇ ಆಗಿಹೋದ ಭೀಮಸೇನ ಜೋಶಿಯವರು. 1922ರಲ್ಲಿ ಗದಗ ಸೀಮೆಯಲ್ಲಿ ಜನನ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹುಡುಗ ಭಜನೆಯ ಮೇಳವೋ ವಾಲಗವೋ ಹೋದ ಕಡೆ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರೆಂದು ಹೇಳುತ್ತಾರೆ. ಕಂಡವರು ಮನೆಗೆ ತಂದು ಮುಟ್ಟಿಸಲಿ ಎಂದು! ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಹುಚ್ಚು ಹಿಡಿದಂತಾಗಿ, ಹನ್ನೊಂದರ ಪ್ರಾಯದಲ್ಲಿ, 1933ರಲ್ಲಿ, ಆ ಬಾಲಕ ಗುರುವನ್ನು ಅರಸುತ್ತ ಮನೆ ಬಿಟ್ಟ. ರೈಲಿನಲ್ಲಿ ಅಲೆಯುತ್ತ ಗ್ವಾಲಿಯರ ಕಂಡ, ಜಲಂಧರದವರೆಗೂ ಹೋದ. ಜಲಂಧರದಲ್ಲಿ ಮಗನನ್ನು ಪತ್ತೆ ಹಚ್ಚಿದ ತಂದೆ ಅವನನ್ನು ಊರಿಗೆ ಕರೆತಂದರು. ಬೇರೆ ತಂದೆಯಾಗಿದ್ದರೆ ಬಾರುಕೋಲು ಹಿಡಿಯುತ್ತಿದ್ದನೇನೋ. ಈ ಮಗನಿಗೆ ಮನೆಯ ಹತ್ತಿರದಲ್ಲೇ, ಕುಂದಗೋಳದ ಸವಾಯಿ ಗಂಧರ್ವರ ಆಶ್ರಯ ದೊರೆಯಿತು. 1936ರಿಂದ ಗುರುಮನೆಯಲ್ಲಿ ನೀರು ಹೊತ್ತು, ಹೇಳಿದ ಕೆಲಸ ಮಾಡಿ, ಸ್ವರ ಸಾಧಿಸಿದರು. ಗುರುಗಳು 1952ರಲ್ಲಿ ನಿಧನರಾದರು. ಅವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ಭೀಮಸೇನರು ದಶಕಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. 2011ರಲ್ಲಿ ಇದೇ ಊರಿನಲ್ಲಿ ಅವರು ತೀರಿಕೊಂಡರು. ಕನ್ನಡ ದಾಸರ ಪದವನ್ನೂ ಮರಾಠಿ ಅಭಂಗವನ್ನೂ ಒಂದೇ ಪ್ರೀತಿಯಿಂದ ಹಾಡಿದ ಅವರನ್ನು ಎರಡು ನಾಡಿನವರೂ ‘ನಮ್ಮವರು’ ಎಂದರು. ಓಡಿಹೋದ ಹುಡುಗನನ್ನು ಹುಡುಕಿ ತಂದ ತಂದೆ, ಮನೆಯಲ್ಲಿ ಇಟ್ಟುಕೊಂಡು ಕಲಿಸಿದ ಗುರು, ಇವರಿಬ್ಬರಿಲ್ಲದೆ ಆ ಕಥೆ ರೈಲಿನಲ್ಲಿಯೇ ಮುಗಿದುಹೋಗುತ್ತಿರಲಿಲ್ಲವೆ?

ಮೂರನೆಯವರು ಕುಮಾರ ಗಂಧರ್ವರು. ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮುಂಬಯಿಗೆ ಹೋಗಿ ಪ್ರೊ. ದೇವಧರರಲ್ಲಿ ಕಲಿತು ಹೆಸರಾದರು. ಕೀರ್ತಿ ಏರುತ್ತಿದ್ದ ಹೊತ್ತಿಗೆ ಕ್ಷಯರೋಗ ಮೆಟ್ಟಿಕೊಂಡಿತು. ಒಣಹವೆಯಿರುವ ಊರು ಬೇಕೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ವಿಧಿಸಿದರು. ಗಾಯಕನಿಗೆ ಇದಕ್ಕಿಂತ ಕಠೋರವಾದ ಶಿಕ್ಷೆ ಯಾವುದು? ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅವರ ಕಿವಿಗೆ ಆ ಸೀಮೆಯ ಹೆಣ್ಣುಮಕ್ಕಳ ಜನಪದ ಹಾಡುಗಳು ಬಿದ್ದವು. ರಾಗಗಳ ಬೇರು ಆ ಧಾಟಿಗಳಲ್ಲಿರುವುದನ್ನು ಅವರು ಕಂಡರು. ಅವುಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಆ ದಿನಗಳಲ್ಲಿ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿ, ರಾತ್ರಿ ಹಗಲು ಶುಶ್ರೂಷೆ ಮಾಡಿದವರು ಪತ್ನಿ ಭಾನುಮತಿಯವರು. ಅವರೂ ದೇವಧರರ ಶಿಷ್ಯೆಯೇ. ಹೊಸ ಔಷಧ ಬಂದು ರೋಗ ಗುಣವಾಗಿ, 1953ರ ಹೊತ್ತಿಗೆ ಕುಮಾರರು ಮತ್ತೆ ಸಭೆಯಲ್ಲಿ ಹಾಡಿದಾಗ, ಅಳಿದುಳಿದ ಶ್ವಾಸಕ್ಕೆ ಒಗ್ಗುವ ತಮ್ಮದೇ ಶೈಲಿಯನ್ನು ಅವರು ಕಂಡುಕೊಂಡಿದ್ದರು. ಸೂಳೇಭಾವಿಯ ಕೂಸು ದೇವಾಸದಲ್ಲಿ ಬೇರು ಬಿಟ್ಟು, 1992ರಲ್ಲಿ ಅಲ್ಲಿಯೇ ಕಣ್ಮುಚ್ಚಿತು.

ಒಬ್ಬೊಬ್ಬರ ಮಾತಾಯಿತು. ಒಂದು ಸಂಸ್ಥೆಯೇ ಇಂಥ ಕೆಲಸಕ್ಕೆ ನಿಂತದ್ದನ್ನು ನೋಡಬೇಕಾದರೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಬೇಕು. ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಈ ಗುರುಶಿಷ್ಯರು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕರೆದು, ಉಣ್ಣಲಿಕ್ಕೆ ಇಕ್ಕಿ, ಕೈಗೆ ತಂಬೂರಿ, ತಬಲಾ, ಹಾರ್ಮೋನಿಯಂ ಕೊಟ್ಟರು. ಭಿಕ್ಷೆಗೆ ಹೊರಡಬೇಕಾಗಿದ್ದ ಹುಡುಗ ಗವಾಯಿಯಾಗಿ, ಮಾಸ್ತರನಾಗಿ ತಲೆಯೆತ್ತಿ ಬಾಳಿದ. ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾದರು. ಆಶ್ರಮದ ಕೆಲಸ ನಿಂತಿಲ್ಲ. ಸಂಗೀತ ಬಾಳನ್ನು ರೂಪಿಸುತ್ತದೆ ಎಂಬ ಮಾತು ಅಲ್ಲಿ ಅಲಂಕಾರವಲ್ಲ, ಎರಡು ಹೊತ್ತಿನ ಅನ್ನ.

ಇವರೆಲ್ಲ ಮಹಾನುಭಾವರು, ನಮ್ಮಂಥ ಸಾಮಾನ್ಯರ ಮನೆಯ ಗತಿಯೇನು ಎಂದು ತಾವು ಕೇಳಬಹುದು. ಅದಕ್ಕೆ ನಮ್ಮ ಮನೆಯದೇ ಒಂದು ಸಂಗತಿ. 1963ರಲ್ಲಿ ನಾವು ಪುಣೆಗೆ ಬಂದಾಗ ನನಗೆ ಎಂಟು ವರ್ಷ. ಪೇಟೆಯ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಅವ್ವನಿಗೆ ಮರಾಠಿಯ ಒಂದಕ್ಷರ ಬಾರದು. ನೀರು ತರಲು ನಳದ ಬಳಿಗೆ ಹೋದರೂ ಮೂಕಳಂತೆ ನಿಂತು ಬರುತ್ತಿದ್ದಳು. ಆ ವರ್ಷ ಗಣಪತಿಯ ಮುಂದೆ ವಾಡೆಯ ಹೆಂಗಸರು ಸರದಿಯಂತೆ ಅಭಂಗ ಹಾಡುತ್ತಿದ್ದರು. ಅವ್ವನ ಸರದಿ ಬಂದಾಗ ಆಕೆ ಸೆರಗು ಹೊದ್ದು ಪುರಂದರದಾಸರದೊಂದು ಪದ ಹಾಡಿದಳು. ಯಾರಿಗೂ ತಿಳಿಯದ ಭಾಷೆ. ಆದರೆ ಕೊನೆಯಲ್ಲಿ ದಾಸರ ಅಂಕಿತ ಬಂತಲ್ಲ, ಆ ‘ವಿಠ್ಠಲ’ ಶಬ್ದ ಕಿವಿಗೆ ಬಿದ್ದೊಡನೆ ಮೂಲೆಯಲ್ಲಿದ್ದ ಒಬ್ಬ ಆಜಿ, “ಹಾ ತರ ಆಮ್ಚಾಚ ವಿಠೋಬಾ!” ಎಂದು ಕೈ ಮುಗಿದಳು. ಆ ವಿಠೋಬನನ್ನು ಜ್ಞಾನೇಶ್ವರ ಮಹಾರಾಜರೇ ಕನ್ನಡಿಗನೆಂದು ಹಾಡಿದ್ದಾರೆಂಬುದು ಆಗ ಅವ್ವನಿಗೂ ತಿಳಿಯದು, ಆಜಿಗೂ ತಿಳಿಯದು. ಮರುದಿನದಿಂದ ಅವ್ವ ಅಭಂಗಗಳ ಮೂಲಕ ಮರಾಠಿ ಕಲಿತಳು. ಆಜಿಯ ಸೊಸೆಯಂದಿರು ದಾಸರ ಪದ ಕಲಿತರು. ಮುಂದೆ ನಮ್ಮ ತಂದೆ ಅಕಾಲದಲ್ಲಿ ತೀರಿಕೊಂಡಾಗ, ಊರಿನಿಂದ ಬಂಧುಗಳು ಬಂದು ಮುಟ್ಟುವ ಮೊದಲೇ, ತಮ್ಮ ಮನೆಯ ಅನ್ನ ತಂದು ನಮಗೆ ಉಣಿಸಿದವರು ಅದೇ ಹೆಣ್ಣುಮಕ್ಕಳು. ಅವ್ವ ಸಭೆಯಲ್ಲಿ ಹಾಡಿದವಳಲ್ಲ, ಬಿರುದು ಪಡೆದವಳಲ್ಲ. ಆದರೂ ಪರವೂರಿನಲ್ಲಿ ನಮ್ಮ ಸಂಸಾರಕ್ಕೆ ಬೇರು ಹಿಡಿಸಿಕೊಟ್ಟದ್ದು ಆಕೆಯ ಹಾಡು, ಮತ್ತು ಅದನ್ನು ಕುಳಿತು ಕೇಳಿದ ಆ ಆಜಿಯ ಕಿವಿ.

ಸೋದರ ಸೋದರಿಯರೆ, ಇಂದು ನಮ್ಮ ಮನೆಗಳಲ್ಲಿ ಏನು ನಡೆದಿದೆ? ಎಷ್ಟೋ ಮನೆಗಳಲ್ಲಿ ಅಜ್ಜಿಯ ಹಾಡಿನ ವಹಿ ಉಳಿದಿದೆ, ಮಟ್ಟು ಬಲ್ಲವರು ಉಳಿದಿಲ್ಲ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಜೋಗುಳ ಇವೆಲ್ಲ ಬರಹದಲ್ಲಿ ಅರ್ಧ, ಕಂಠದಲ್ಲಿ ಅರ್ಧ. ಕಂಠದ ಅರ್ಧ ಹೋಯಿತೆಂದರೆ ಯಾವ ಗ್ರಂಥಾಲಯವೂ ಅದನ್ನು ಹಿಂದಕ್ಕೆ ಕೊಡಲಾರದು. ಮಕ್ಕಳು ಕನ್ನಡ ಓದುವುದಿಲ್ಲವೆಂದು ನಾವು ವರ್ಷವೂ ಇದೇ ವೇದಿಕೆಯಿಂದ ಕೊರಗುತ್ತೇವೆ. ಅಕ್ಷರ ಬಾರದ ಮಗುವಿಗೂ ಹಾಡು ಬರುತ್ತದೆ. ಹಾಡಿನ ಬೆನ್ನು ಹಿಡಿದು ಮಾತು ಬರುತ್ತದೆ.

ಆದುದರಿಂದ ನನ್ನ ವಿನಂತಿ ಎರಡೇ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ವಾರಕ್ಕೊಂದು ಸಂಜೆ ಮೊಮ್ಮಕ್ಕಳನ್ನು ಅವರ ಹತ್ತಿರ ಕೂರಿಸಿರಿ. ಜೇಬಿನ ಫೋನಿನಲ್ಲಿ ಹಾಡನ್ನು ಹಿಡಿದಿಡುವುದು ಒಳ್ಳೆಯದೇ. ಆದರೆ ಫೋನು ತಪ್ಪಿದ ಸ್ವರವನ್ನು ತಿದ್ದುವುದಿಲ್ಲ, ಅಜ್ಜಿ ತಿದ್ದುತ್ತಾಳೆ. ಎರಡನೆಯದು, ನಮ್ಮ ಸಂಘ ತಿಂಗಳಿಗೊಂದು ಸಂಜೆ ಈ ಸಭಾಗೃಹದಲ್ಲಿ ಜಮಖಾನೆ ಹಾಸಲಿ. ಅಲ್ಲಿ ಸ್ಪರ್ಧೆ ಬೇಡ, ಬಹುಮಾನ ಬೇಡ. ನಿನ್ನೆ ಮೊನ್ನೆ ಊರಿನಿಂದ ಬಂದು, ಮಾತನಾಡಲು ಯಾರೂ ಇಲ್ಲದೆ ನಾಲ್ಕನೆಯ ಮಹಡಿಯಲ್ಲಿ ಕುಳಿತಿರುವ ಹೆಣ್ಣುಮಗಳೊಬ್ಬಳು ಬಂದು ತನಗೆ ಬರುವ ಒಂದು ಹಾಡು ಹಾಡಲಿ. ನಾವು ನಾಲ್ಕು ಜನ ಸುಮ್ಮನೆ ಕುಳಿತು ಕೇಳೋಣ. ಅಂಬಾಬಾಯಿಯವರ ತ್ಯಾಗ ನಮ್ಮಿಂದಾಗದು. ಅರ್ಧ ತಾಸು ಕಿವಿ ಕೊಡುವುದು ಆದೀತು.