ಒಂದು ಹೆಸರು, ಹಲವು ಸಾಲು: ಫಲಾನುಭವಿ ಪಟ್ಟಿಯ ಶುದ್ಧೀಕರಣದಲ್ಲಿ ಸದಸ್ಯರ ಪಾತ್ರ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ನಮ್ಮ ಹೆಸರು ಬರಲೇ ಇಲ್ಲವಲ್ಲ?" ಎಂದು ಕೇಳುವುದು ಯಾವ ಸದಸ್ಯರಿಗೂ ಹೊಸದಲ್ಲ. ಅವರು ಅರ್ಜಿ ಕೊಟ್ಟಿರುತ್ತಾರೆ; ದಾಖಲೆಗಳಿರುತ್ತವೆ; ಅರ್ಹತೆಯೂ ಇರುತ್ತದೆ. ಆದರೂ ಹೆಸರಿಲ್ಲ. "ಕಂಪ್ಯೂಟರ್‌ನಲ್ಲಿ ಬಂದಿಲ್ಲ" ಎಂಬ ಉತ್ತರ ದೊರೆಯುತ್ತದೆ. ಈ ಉತ್ತರ ಅಪೂರ್ಣವಾದುದು. ಕಂಪ್ಯೂಟರ್ ತಾನಾಗಿ ಯಾರನ್ನೂ ಕೈಬಿಡುವುದಿಲ್ಲ; ಅಕ್ಷರ ಮತ್ತು ಅಂಕಿಗಳನ್ನು ಅದಕ್ಕೆ ಒಪ್ಪಿಸಿದ ರೀತಿಯಲ್ಲಿ ದೋಷವಿದ್ದಾಗ ಹೆಸರು ಕೈತಪ್ಪುತ್ತದೆ. ಆ ದೋಷಗಳು ಯಾವುವು, ಅವುಗಳಲ್ಲಿ ಯಂತ್ರ ಸರಿಪಡಿಸಬಲ್ಲದ್ದು ಯಾವುದು, ಸದಸ್ಯರೇ ತೀರ್ಮಾನಿಸಬೇಕಾದುದು ಯಾವುದು ಎಂಬುದೇ ಈ ಉಪನ್ಯಾಸದ ವಿಷಯ. ಉದಾಹರಣೆಗಳಿಗೆ ದೂರ ಹೋಗಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲೇ ಅವು ಅಡಗಿವೆ.

ಮೊದಲನೆಯದು ಚನ್ನಗಿರಿ. ಕೆಲವರು ಇದನ್ನು "ಚೆನ್ನಗಿರಿ" ಎಂದೂ ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ ಊರು. ಯಂತ್ರಕ್ಕೆ ಎರಡು ಬೇರೆ ಪದಗಳು. ವ್ಯಕ್ತಿಗಳ ಹೆಸರಿನಲ್ಲಿಯೂ ಹೀಗೆಯೇ. ಪಡಿತರ ಚೀಟಿಯಲ್ಲಿ "ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ್", ಮನೆ ತೆರಿಗೆಯ ವಹಿಯಲ್ಲಿ "ಮಂಜುನಾಥಪ್ಪ" ಎಂದಿದ್ದರೆ ಯಂತ್ರ ಮೂವರನ್ನು ಎಣಿಸುತ್ತದೆ. ಪದದ ಹಿಂದೆ ಮುಂದೆ ಉಳಿದ ಖಾಲಿ ಜಾಗ, ಇನಿಷಿಯಲ್ ನಂತರದ ಚುಕ್ಕಿ ಇವೂ ವ್ಯತ್ಯಾಸವೆಂದೇ ಪರಿಗಣಿತವಾಗುತ್ತವೆ.

ಎರಡನೆಯದು ಹೊನ್ನಾಳಿ. ಇಲ್ಲಿನ ದೋಷ ಕಣ್ಣಿಗೆ ಕಾಣದು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರ ಹಾಗೂ ಸ್ವರಚಿಹ್ನೆಗೆ ಒಂದು ಸಂಕೇತ ಸಂಖ್ಯೆ ನಿಗದಿಯಾಗಿದೆ. "ಹೊ" ಎಂಬುದನ್ನು ಹಕಾರ ಮತ್ತು ಒತ್ವದ ಒಂದು ಚಿಹ್ನೆಯಿಂದ ಬರೆಯಬಹುದು. ಹಕಾರ, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಆದರೆ ಮೊದಲ ವಿಧಾನದಲ್ಲಿ "ಹೊನ್ನಾಳಿ" ಪದಕ್ಕೆ 8 ಸಂಕೇತಗಳು, ಎರಡನೆಯದರಲ್ಲಿ 9. ಸಂಕೇತಗಳನ್ನಷ್ಟೇ ಹೋಲಿಸುವ ಪ್ರೋಗ್ರಾಂ ಇವೆರಡನ್ನೂ ಬೇರೆಯೆಂದು ಹೇಳುತ್ತದೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಕನ್ನಡ ಕಾಣುವುದು ಫಾಂಟ್ ಇರುವವರೆಗೆ ಮಾತ್ರ. ಬೇರೆಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಹೋಲಿಕೆಯೂ ಸಾಧ್ಯವಿಲ್ಲ.

ಮೂರನೆಯದು ನ್ಯಾಮತಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. 2017–18ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯೂ ಒಂದು. ಆದ್ದರಿಂದ ಒಂದೇ ಕುಟುಂಬದ ಹಳೆಯ ಪತ್ರದಲ್ಲಿ "ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ" ಎಂದೂ ಹೊಸ ಅರ್ಜಿಯಲ್ಲಿ "ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ" ಎಂದೂ ಇರುವುದು ಸಹಜ. ಮನೆ ಕದಲಿಲ್ಲ, ವಿಳಾಸ ಮಾತ್ರ ಬದಲಾಗಿದೆ. ಹೆಸರನ್ನಷ್ಟೇ ನಂಬಿ ಎರಡು ಪಟ್ಟಿಗಳನ್ನು ಜೋಡಿಸಿದರೆ ಅಂತಹ ಕುಟುಂಬಗಳೆಲ್ಲ ಹೊರಗುಳಿಯುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯು ಪ್ರತಿ ಗ್ರಾಮಕ್ಕೂ ಪಂಚಾಯಿತಿಗೂ ಒಂದೊಂದು ಸಂಕೇತ ಸಂಖ್ಯೆ ನೀಡಿರುವುದು ಇಂತಹ ಗೊಂದಲ ತಪ್ಪಿಸುವುದಕ್ಕಾಗಿಯೇ. ಪಟ್ಟಿಗಳನ್ನು ಜೋಡಿಸುವಾಗ ಊರಿನ ಹೆಸರಿಗಿಂತ ಆ ಸಂಖ್ಯೆಯನ್ನು ಆಧರಿಸುವುದು ಕ್ಷೇಮ.

ನಾಲ್ಕನೆಯದು ಜಗಳೂರು. ಇಂಗ್ಲಿಷ್‌ನಲ್ಲಿ ಬರೆದಾಗ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ. ಅಲ್ಲಿಂದ ಮತ್ತೆ ಕನ್ನಡಕ್ಕೆ ತಂದಾಗ "ಜಗಲೂರು" ಆಗಿಬಿಡುತ್ತದೆ. ಇನ್ನೊಂದು ತೊಡಕು ಅಕಾರಾದಿ ಜೋಡಣೆಯದು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕೊನೆಯಲ್ಲಿದೆ. ಯೂನಿಕೋಡ್ ಕೋಷ್ಟಕದಲ್ಲಿ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು. ಸಂಕೇತ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ "ಕಳಸಪ್ಪ" ಎಂಬ ಹೆಸರು "ಕವಿತಾ" ಎಂಬುದಕ್ಕಿಂತ ಮೇಲೆ ಬರುತ್ತದೆ. ವಾಡಿಕೆಯ ಕ್ರಮದಲ್ಲಿ ಕೆಳಗೆ ಹುಡುಕಿದವರು ಹೆಸರೇ ಇಲ್ಲವೆಂದು ಭಾವಿಸಿ ಹಿಂತಿರುಗುತ್ತಾರೆ.

ಅಕ್ಷರಗಳಂತೆ ಅಂಕಿಗಳೂ ಕೆಡುತ್ತವೆ. ಎಕ್ಸೆಲ್‌ನಲ್ಲಿ 5/2 ಎಂಬ ಸರ್ವೆ ಸಂಖ್ಯೆಯನ್ನು ನಮೂದಿಸಿದರೆ ಅದು ಫೆಬ್ರವರಿ 5 ಎಂಬ ದಿನಾಂಕವಾಗಿ ಮಾರ್ಪಡುತ್ತದೆ. ದಿನಾಂಕದ ಕ್ರಮ ಬೇರೆ ಇರುವ ಇನ್ನೊಂದು ಕಂಪ್ಯೂಟರ್‌ನಲ್ಲಿ ಅದೇ ನಮೂದು ಮೇ 2 ಆಗುತ್ತದೆ. ಮೂಲದಲ್ಲಿ 5/2 ಇತ್ತೋ 2/5 ಇತ್ತೋ ಎಂಬುದು ಆಮೇಲೆ ತಿಳಿಯದು. ಅವೆರಡು ಬೇರೆ ಬೇರೆ ಜಮೀನುಗಳು. ಬ್ಯಾಂಕ್ ಖಾತೆಯ ಆರಂಭದ ಸೊನ್ನೆಗಳು ಅಳಿಸಿಹೋಗುತ್ತವೆ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ 16 ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಐಎಫ್‌ಎಸ್‌ಸಿ ಸಂಕೇತದ 11 ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷ್ "ಓ" ಅಕ್ಷರ ಬಿದ್ದರೆ ಹಣ ತಲುಪದು. ಈ ತೊಂದರೆ ಪಂಚಾಯಿತಿಗಳಿಗೆ ಮಾತ್ರ ಸೀಮಿತವಲ್ಲ. ಮನುಷ್ಯರ ಕೆಲವು ವಂಶವಾಹಿಗಳ ಹೆಸರು ಎಕ್ಸೆಲ್‌ನಲ್ಲಿ ದಿನಾಂಕವಾಗಿ ಬದಲಾಗುತ್ತಿದ್ದುದರಿಂದ ವಿಜ್ಞಾನಿಗಳು ಆ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಬೇಕಾಯಿತು. ಪಂಚಾಯಿತಿಗೆ ಪರಿಹಾರ ಇನ್ನೂ ಸುಲಭ: ನಮೂದು ಆರಂಭಿಸುವ ಮೊದಲೇ ಆ ಅಂಕಣಗಳನ್ನು "ಪಠ್ಯ" ಎಂದು ನಿಗದಿಪಡಿಸಬೇಕು.

ಇವುಗಳಲ್ಲಿ ಬಹಳಷ್ಟನ್ನು ಪೈಥಾನ್‌ನಂತಹ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ ಸರಿಪಡಿಸಬಲ್ಲದು. ಅದರ ಕ್ರಮ ಹೀಗಿರಬೇಕು. ಮೂಲ ಪಟ್ಟಿಯನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಅಂಕಣ ತೆರೆಯುವುದು. ಒಂದೇ ರೂಪದ ಅಕ್ಷರಗಳನ್ನು ಒಂದೇ ಸಂಕೇತಕ್ಕೆ ತರುವುದು. ಹೆಚ್ಚುವರಿ ಖಾಲಿ ಜಾಗ ಹಾಗೂ ಚುಕ್ಕಿಗಳನ್ನು ತೆಗೆಯುವುದು. ಬಳಿಕ "ಬಿನ್" ಮತ್ತು "ಕೋಂ" ಪದಗಳ ಆಧಾರದಿಂದ ವ್ಯಕ್ತಿಯ ಹೆಸರನ್ನೂ ತಂದೆ ಅಥವಾ ಗಂಡನ ಹೆಸರನ್ನೂ ಬೇರ್ಪಡಿಸುವುದು. ಇಲ್ಲಿಯೂ ಎಚ್ಚರ ಬೇಕು. "ಬಿನ್" ಎಲ್ಲಿ ಕಂಡರೂ ಕತ್ತರಿಸು ಎಂದು ಆಜ್ಞಾಪಿಸಿದರೆ "ರಾಬಿನ್" ಎಂಬ ಹೆಸರು ಎರಡು ತುಂಡಾಗುತ್ತದೆ. ಅದು ಬಿಡಿಪದವಾಗಿ ನಿಂತಾಗ ಮಾತ್ರ ಬೇರ್ಪಡಿಸಬೇಕು.

ಯಂತ್ರದ ಕಾರ್ಯ ಇಲ್ಲಿಗೆ ನಿಲ್ಲಬೇಕು. ಹೋಲುವ ಸಾಲುಗಳನ್ನು ಗುರುತಿಸಿ ಮುಂದಿಡುವುದು ಯಂತ್ರದ ಕೆಲಸ. ಅವೆರಡೂ ಒಬ್ಬರೇ ಎಂದು ತೀರ್ಮಾನಿಸುವುದು ಊರನ್ನು ಬಲ್ಲವರ ಕೆಲಸ. ಒಂದೇ ಗ್ರಾಮದಲ್ಲಿ "ಬಸವರಾಜಪ್ಪ ಬಿನ್ ಹನುಮಂತಪ್ಪ" ಎಂಬ ಇಬ್ಬರು ಇರಬಹುದು. ಪ್ರೋಗ್ರಾಂ ಅವರಲ್ಲಿ ಒಬ್ಬರನ್ನು "ನಕಲಿ" ಎಂದು ಅಳಿಸಿದರೆ ಒಂದು ಕುಟುಂಬದ ಮನೆ ಹೋದಂತೆ. ಇನ್ನೊಂದೆಡೆ, ಗಂಡ ತೀರಿಕೊಂಡ ಮಹಿಳೆಯ ಅರ್ಜಿಯಲ್ಲಿ "ಕೋಂ ಲೇಟ್" ಎಂಬ ಪದ ಸೇರಿಕೊಳ್ಳುತ್ತದೆ. ಪಡಿತರ ಚೀಟಿಯಲ್ಲಿ ಅದು ಇರುವುದಿಲ್ಲ. ಆ ಒಂದು ಪದದ ಅಂತರದಿಂದ ವಿಧವಾ ವೇತನದ ಅರ್ಜಿ ತಾಳೆಯಾಗದೆ ಉಳಿಯಬಹುದು. ವಾರ್ಡಿನ ಸದಸ್ಯರಿಗೆ ಇದು ಒಂದು ನಿಮಿಷದಲ್ಲಿ ತಿಳಿಯುವ ಸಂಗತಿ. ಯಂತ್ರಕ್ಕೆ ಎಂದಿಗೂ ತಿಳಿಯದು.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. "ಭೂಮಿ" ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, ನಮೂದಿಸಿದ ಮಾಹಿತಿಯನ್ನು ಮುದ್ರಿಸಿ ಗ್ರಾಮ ಲೆಕ್ಕಿಗರಿಂದ ಕೈಬರಹದ ಮೂಲದೊಡನೆ ತಾಳೆ ನೋಡಿಸಲಾಯಿತು. ಯಂತ್ರದ ವೇಗ, ಮನುಷ್ಯರ ಪರಿಶೀಲನೆ ಎರಡೂ ಕೂಡಿದಾಗಲೇ ದಾಖಲೆಗೆ ಬೆಲೆ.

ಆದುದರಿಂದ ಪಟ್ಟಿಯೊಂದು ಸಭೆಯ ಮುಂದೆ ಬಂದಾಗ ಸದಸ್ಯರು ಈ ಐದು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು:

1. ಸ್ವೀಕರಿಸಿದ ಅರ್ಜಿಗಳೆಷ್ಟು, ಪಟ್ಟಿಯಲ್ಲಿರುವ ಸಾಲುಗಳೆಷ್ಟು, ಅಂತರಕ್ಕೆ ಕಾರಣವೇನು?
2. ಕೈಬಿಟ್ಟ ಹೆಸರುಗಳ ಪ್ರತ್ಯೇಕ ಪಟ್ಟಿ, ಪ್ರತಿ ಹೆಸರಿನ ಮುಂದೆ ಕಾರಣದೊಂದಿಗೆ, ಇದೆಯೇ?
3. "ನಕಲಿ" ಎಂದು ಗುರುತಿಸಿದ ಹೆಸರುಗಳನ್ನು ಆಯಾ ವಾರ್ಡ್ ಸಭೆಯಲ್ಲಿ ಓದಲಾಯಿತೇ?
4. ತಿದ್ದುವ ಮೊದಲಿನ ಮೂಲ ಪ್ರತಿಯನ್ನು ಕಾಯ್ದಿರಿಸಲಾಗಿದೆಯೇ?
5. ಸೂಚನಾ ಫಲಕದ ಪ್ರತಿಯಲ್ಲಿ ಆಧಾರ್ ಮತ್ತು ಖಾತೆ ಸಂಖ್ಯೆಗಳನ್ನು ಮರೆಮಾಡಲಾಗಿದೆಯೇ?

ಈ ಪ್ರಶ್ನೆಗಳಿಗೆ ಪ್ರೋಗ್ರಾಮಿಂಗ್ ಜ್ಞಾನ ಬೇಕಿಲ್ಲ. ಎರಡನೆಯ ಪ್ರಶ್ನೆಯೊಂದನ್ನೇ ಪ್ರತಿ ಸಭೆಯಲ್ಲಿ ಕೇಳಿದರೂ, ಹಿಂದಿನ ಸಾಲಿನಿಂದ ಎದ್ದು ನಿಂತವರಿಗೆ "ಕಂಪ್ಯೂಟರ್‌ನಲ್ಲಿ ಬಂದಿಲ್ಲ" ಎಂಬುದರ ಬದಲು ಹೆಸರು ಎಲ್ಲಿ, ಏಕೆ ನಿಂತಿತು, ಸರಿಪಡಿಸಲು ಯಾವ ದಾಖಲೆ ತರಬೇಕು ಎಂದು ಅಲ್ಲಿಯೇ ತಿಳಿಸಬಹುದು. ಗ್ರಾಮ ಸಭೆಗೆ ಬಂದವರಿಗೆ ಸಲ್ಲಬೇಕಾದ ಉತ್ತರ ಅದು.