ಎರಡಾಣೆಯ ಪಿಗ್ಮಿ ಮತ್ತು ಏಳು ‘ಪಿ’ಗಳು

(ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ವೈದ್ಯರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಿ ಎನ್ನುವುದು ವಾಡಿಕೆ. ಈ ಸಲ ಸಮಿತಿಯವರು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದಾರೆ. ಎಂ.ಬಿ.ಬಿ.ಎಸ್. ಓದಿ, ರೆಸಿಡೆನ್ಸಿಯಲ್ಲಿ ನಿದ್ದೆಗೆಟ್ಟು ಕೆಲಸ ಕಲಿತ ನಮ್ಮಂಥವರಿಗೆ ಮಾರುಕಟ್ಟೆ ಶಾಸ್ತ್ರದಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ಆದರೆ ಆ ಶಾಸ್ತ್ರದ ಒಂದು ದೊಡ್ಡ ಪಾಠವನ್ನು, ಪುಸ್ತಕದಲ್ಲಿ ಬರೆಯುವ ಎಷ್ಟೋ ವರ್ಷ ಮೊದಲೇ, ಮಾಡಿ ತೋರಿಸಿದವರಲ್ಲಿ ನಮ್ಮ ಕರಾವಳಿಯ ಒಬ್ಬ ವೈದ್ಯರೂ ಇದ್ದರು. ಅವರು ಡಾ. ಟಿ.ಎಂ.ಎ. ಪೈ.

ಮೊದಲು ಶಾಸ್ತ್ರವನ್ನು ಬೇಗ ಹೇಳಿ ಮುಗಿಸುತ್ತೇವೆ. 1960ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ವ್ಯಾಪಾರಿ ಯೋಚಿಸಬೇಕಾದ ನಾಲ್ಕು ಸಂಗತಿಗಳನ್ನು ನಾಲ್ಕು ‘ಪಿ’ಗಳೆಂದು ಕರೆದರು. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ನಮ್ಮ ಮಾತಿನಲ್ಲಿ ಸರಕು, ಬೆಲೆ, ಸಿಗುವ ಜಾಗ, ಪ್ರಚಾರ. ಸಾಬೂನು ಮಾರಲು ಇಷ್ಟು ಸಾಕು. ಬ್ಯಾಂಕು, ಆಸ್ಪತ್ರೆ, ಶಾಲೆಗಳು ಕೊಡುವುದು ಕೈಯಲ್ಲಿ ಹಿಡಿಯುವ ಸರಕಲ್ಲ, ಸೇವೆ. ಆದ್ದರಿಂದ 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಎಂಬಿಬ್ಬರು ಇನ್ನು ಮೂರನ್ನು ಸೇರಿಸಿದರು. ಪೀಪಲ್, ಪ್ರೋಸೆಸ್, ಫಿಸಿಕಲ್ ಎವಿಡೆನ್ಸ್. ಅಂದರೆ ಸೇವೆ ಕೊಡುವ ಜನ, ಕೊಡುವ ಕ್ರಮ, ಸೇವೆ ಸಂದಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತು. ಗಿರಾಕಿಗಳ ಒಂದೊಂದು ವರ್ಗಕ್ಕೂ ಈ ಏಳನ್ನು ಬೇರೆ ಬೇರೆ ಹದದಲ್ಲಿ ಬೆರೆಸಬೇಕು. ಸಾಮಾನು ಅದೇ ಆದರೂ ಸಾರಿಗೊಂದು ಹದ, ಹುಳಿಗೊಂದು ಹದ. ಅಡುಗೆಮನೆಯಲ್ಲಿರುವ ತಾಯಂದಿರಿಗೆ ಇದನ್ನು ಯಾವ ಪ್ರಾಧ್ಯಾಪಕರೂ ಹೇಳಿಕೊಡಬೇಕಾಗಿಲ್ಲ!

ಈಗ ಉಡುಪಿಗೆ ಹೋಗೋಣ. ಕೈಮಗ್ಗದ ಕಸುಬು ಕಷ್ಟಕ್ಕೆ ಸಿಕ್ಕಿದ್ದ ಕಾಲ. 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮೂರೇ ವರ್ಷದ ಆ ಬ್ಯಾಂಕು 1928ರಲ್ಲಿ ಆರಂಭಿಸಿದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಎರಡಾಣೆ ಎಂದು ನಗಬೇಡಿ. ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ಅದು ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಮೀನು ಮಾರುವವರಿಗೆ, ನೇಕಾರರಿಗೆ, ಗೂಡಂಗಡಿಯವರಿಗೆ ಅಷ್ಟು ದುಡ್ಡು ಒಂದೇ ದಿನ ಕೈಗೆ ಬರುವುದಿಲ್ಲ. ಬಂದ ಚಿಲ್ಲರೆ ರಾತ್ರಿಯೊಳಗೆ ಕರಗುತ್ತದೆ. ಅವರು ಅಂಗಡಿ ಮುಚ್ಚಿ, ಪಂಚೆ ಬದಲಿಸಿ, ಇಂಗ್ಲಿಷ್ ಚಲನ್ ತುಂಬಿಸಲು ಬ್ಯಾಂಕಿಗೆ ಬರಲಿ ಎಂದು ಕಾದಿದ್ದರೆ ಇಂದಿಗೂ ಕಾಯಬೇಕಾಗುತ್ತಿತ್ತು. ದುಡ್ಡು ಇರುವ ಜಾಗಕ್ಕೆ, ದುಡ್ಡು ಇರುವ ಹೊತ್ತಿಗೆ ಬ್ಯಾಂಕೇ ಹೋಯಿತು. ಬಂದವರು ಪರಿಚಯದ ಮುಖ. ಪುಸ್ತಕದಲ್ಲಿ ಬರೆದುಕೊಟ್ಟ ಅಂಕಿಯೇ ಕಣ್ಣಿಗೆ ಕಾಣುವ ಗುರುತು. ಇದರಲ್ಲಿ ‘ಬೆಲೆ’ ಗಿರಾಕಿಗೆ ಅನುಕೂಲವಾಗಿತ್ತೆಂದೂ ಹೇಳಲಾಗದು. ಸಂಗ್ರಹದ ಖರ್ಚು, ಏಜೆಂಟರ ಕಮಿಷನ್ ಕಳೆದು ಪಿಗ್ಮಿಗೆ ಸಿಗುವ ಬಡ್ಡಿ ಸಾಮಾನ್ಯವಾಗಿ ನಿಶ್ಚಿತ ಠೇವಣಿಗಿಂತ ಕಡಿಮೆಯೇ. ಆದರೂ ಜನ ಕಟ್ಟಿದರು. ಬಡ ಗಿರಾಕಿಗೆ ಬೇಕಾದದ್ದು ಅಗ್ಗದ ಸೇವೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಪಿಗ್ಮಿ ಹೇಳುವುದೇ ಬೇರೆ: ಅವರಿಗೆ ಬೇಕಾದದ್ದು ಅವರ ದಿನಚರಿಗೆ ಹೊಂದುವ ಏರ್ಪಾಡು.

ಇದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. ಸರಕು ಅದೇ, ಬಡ್ಡಿಯೂ ಅದೇ. ಬದಲಾದದ್ದು ಕೌಂಟರಿನ ಹಿಂದಿದ್ದ ಮುಖ. ಈ ‘ಜನ’ ಎಂಬ ಅಂಶಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಿಸಿಲು ಮಳೆಯಲ್ಲಿ ತಿರುಗಿದ ಠೇವಣಿ ಸಂಗ್ರಾಹಕರು ನೌಕರರೋ ಅಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೈಗಾರಿಕಾ ಕಾನೂನಿನ ಮಟ್ಟಿಗೆ ಅವರು ಕಾರ್ಮಿಕರೇ ಹೌದು, ಆದರೆ ಬ್ಯಾಂಕಿನ ಕಾಯಂ ನೌಕರರಿಗೆ ಸಮಾನರಲ್ಲ ಎಂದು ತೀರ್ಪಾದದ್ದು 2001ರಲ್ಲಿ. ಪಿಗ್ಮಿಯನ್ನು ಹೊಗಳುವಾಗ ನಡೆದು ಸವೆದ ಆ ಚಪ್ಪಲಿಗಳನ್ನೂ ನೆನೆಯಬೇಕು.

ವೈದ್ಯಕೀಯದಲ್ಲೂ ಇದಕ್ಕೆ ಉದಾಹರಣೆಯಿದೆ. ಕರ್ನಾಟಕದ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಸಹಕಾರಿ ರೈತರಿಂದ ಪಡೆದದ್ದು ತಿಂಗಳಿಗೆ ಐದು ರೂಪಾಯಿಯ ಲೆಕ್ಕ. ಐದು ರೂಪಾಯಿಯ ಮಾತು ಎಲ್ಲರಿಗೂ ನೆನಪಿದೆ. ಆ ದುಡ್ಡು ರೈತರಿಗೆ ಗೊತ್ತಿದ್ದ ಊರಿನ ಸಹಕಾರ ಸಂಘದ ಮೂಲಕವೇ ಸಂಗ್ರಹವಾಯಿತು ಎಂಬುದು ನಮಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಇನ್ನು ನಮ್ಮ ಕುವೈತಿಗೆ ಬರೋಣ. ಇಲ್ಲಿ ವರ್ಗೀಕರಣ ಮಾಡಲು ಯಾವ ಪಂಡಿತರೂ ಬೇಡ, ಇಖಾಮದ ನಂಬರೇ ಮಾಡಿಬಿಟ್ಟಿದೆ. ಕಂಪನಿಯವರು ಹದಿನೆಂಟು, ಮನೆಗೆಲಸದವರು ಇಪ್ಪತ್ತು, ಹೆಂಡತಿ ಮಕ್ಕಳು ಇಪ್ಪತ್ತೆರಡು. ಈ ಸಭಾಂಗಣದಲ್ಲಿ ಕಣ್ಣಾಡಿಸಿದರೆ ಸಂಸಾರವಂದಿಗರು, ಕಾರಿದ್ದವರು ತುಂಬ ಮಂದಿ ಕಾಣುತ್ತಾರೆ, ನಮಗೆ ಸಂತೋಷವೇ. ಜಲೀಬಿನ, ಮಹಬೂಲದ ಕೋಣೆಗಳಲ್ಲಿ ಆರೆಂಟು ಜನ ಒಟ್ಟಿಗಿರುವ ಕನ್ನಡಿಗರು ಕಾಣುವುದಿಲ್ಲ. ಯಾರದೋ ಮನೆಯ ಅಡುಗೆಕೋಣೆಯಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರಂತೂ ಕಾಣುವುದೇ ಇಲ್ಲ. 2015ರ 68ನೇ ಕಾನೂನು ಮನೆಗೆಲಸದವರಿಗೆ ವಾರಕ್ಕೊಂದು ರಜೆ ಕೊಟ್ಟಿದೆ. ಆ ಒಂದು ದಿನದಲ್ಲಿ ಊರಿಗೆ ದುಡ್ಡು ಕಳಿಸಬೇಕು, ಫೋನು ಮಾಡಬೇಕು, ಬಟ್ಟೆ ಒಗೆಯಬೇಕು.

ವೈದ್ಯರಾಗಿ ನಾವು ನೋಡುವುದೂ ಇದನ್ನೇ. ರಕ್ತದೊತ್ತಡದ ಮಾತ್ರೆ ನಿಂತುಹೋಗಿ ತಿಂಗಳುಗಳ ನಂತರ ತಲೆಸುತ್ತೆಂದು ಬರುವವರನ್ನು ಏಕೆ ಬಿಟ್ಟಿರಿ ಎಂದು ಕೇಳಿದರೆ, ದುಡ್ಡಿಲ್ಲ ಎನ್ನುವವರು ಇದ್ದೇ ಇದ್ದಾರೆ. 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ವಿದೇಶೀಯರ ಔಷಧಿಗೆ ಐದು ದಿನಾರ್ ಗೊತ್ತುಮಾಡಿದ್ದು ಸಣ್ಣ ಸಂಬಳದವರಿಗೆ ಸಣ್ಣ ಮಾತಲ್ಲ. ಆದರೆ ಅಷ್ಟೇ ಸಲ ಕೇಳುವ ಉತ್ತರ ಬೇರೆ. “ಡ್ಯೂಟಿ ಬಿಡುವ ಹೊತ್ತಿಗೆ ಬಸ್ಸಿಲ್ಲ ಸಾರ್.” “ಚೀಟಿ ಓದಲು ಬರಲಿಲ್ಲ.” “ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.” ಜಾಗ, ಕ್ರಮ, ಜನ, ಪುಸ್ತಕದ ಆ ‘ಪಿ’ಗಳೇ ಕೈಕೊಟ್ಟದ್ದು.

2024ರ ಜೂನ್ 12ರಂದು ಮಂಗಾಫಿನ ಕಟ್ಟಡದಲ್ಲಿ ಬೆಂಕಿ ಬಿದ್ದದ್ದು ತಮಗೆಲ್ಲ ನೆನಪಿದೆ. ನಲವತ್ತೈದು ಭಾರತೀಯರ ಪಾರ್ಥಿವ ಶರೀರಗಳನ್ನು ವಾಯುಪಡೆಯ ವಿಮಾನ ಕೊಚ್ಚಿಗೆ ಕೊಂಡೊಯ್ದಿತು. ಅವರಲ್ಲಿ ಕರ್ನಾಟಕದವರೂ ಒಬ್ಬರಿದ್ದರು. ಅಂಥ ಕಟ್ಟಡಗಳಲ್ಲಿ ಇಂದು ರಾತ್ರಿ ಮಲಗಿರುವ ಕನ್ನಡಿಗರು ಎಷ್ಟು, ಯಾವ ಊರಿನವರು, ಏನಾದರೂ ಆದರೆ ಅವರ ಮನೆಯ ಫೋನ್ ನಂಬರು ಯಾರ ಬಳಿಯಿದೆ ಎಂಬ ಪಟ್ಟಿ ನಮ್ಮ ಕೈಯಲ್ಲಿರಬೇಡವೆ?

ಸದಸ್ಯತ್ವದ ಹಣ ಇಳಿಸಿದರೆ ಅವರು ಬರುತ್ತಾರೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಇಳಿಸೋಣ, ಆದರೆ ಅಷ್ಟರಿಂದಲೇ ಅವರು ಬರಲಾರರು. ಪಿಗ್ಮಿ ಏಜೆಂಟರಂತೆ ನಾವೇ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಬಿಡುವು. ಹೋಗುವವರಲ್ಲಿ ಕಲಬುರಗಿ, ಬೀದರದ ಕನ್ನಡ ಆಡುವವರೊಬ್ಬರು, ತುಳು ಬಲ್ಲವರೊಬ್ಬರು ಇರಲಿ. ಹೆಣ್ಣುಮಕ್ಕಳನ್ನು ಕಾಣಲು ನಮ್ಮ ಮಹಿಳಾ ಸದಸ್ಯರೇ ಹೊರಡಲಿ. ಹೆಸರು, ಊರು, ಮನೆಯ ನಂಬರು, ತೆಗೆದುಕೊಳ್ಳುವ ಔಷಧಿ, ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಕಾರ್ಡು ಅವರ ಜೇಬಿನಲ್ಲಿರಲಿ. ಅದರ ಪ್ರತಿ, ಅವರು ಒಪ್ಪಿದರೆ ಮಾತ್ರ, ನಮ್ಮ ಕಾರ್ಯದರ್ಶಿಗಳ ಬಳಿ.

ಬೇಕಾದ ಅನುಮತಿ ಪಡೆದರೆ ಬಿ.ಪಿ. ಯಂತ್ರ ಹಿಡಿದು ಬರಲು ನಾವು ವೈದ್ಯರು ಸಿದ್ಧ. ಕಾರು, ಚಾಲಕರು, ತುಳು ಬಲ್ಲವರು ಬೇಕಾಗಿದ್ದಾರೆ. ಹೆಸರು ಕೊಡುವವರಿಗಾಗಿ ಊಟದ ಕೌಂಟರಿನ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ.